ಅವ್ವನ ಮನೆ, 25 ನಿಮಿಷ

"ನಿಮ್ಮ ಯಾದಗಿರಿ ಕಡೆ ನೋಡೋಕೆ ಏನಿದೆ ಗುರು?" ಅಂತ ಆಫೀಸಿನ ಗೆಳೆಯರು ಕೇಳಿದ್ದೇ ತಡ, ನಾನು ಎಕ್ಸೆಲ್ ಶೀಟ್ ತೆರೆದೆ. ಬೆಳಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಬಾಡಿಗೆ ಕಾರಲ್ಲಿ ಸುತ್ತಿ, ರಾತ್ರಿ ಅಲ್ಲೇ ರೈಲು ಹತ್ತಬೇಕು. ನಡುವೆ ಎಂಟು ಜಾಗ: ಯಾದಗಿರಿ ಕೋಟೆ, ಮೈಲಾಪುರ, ಶಹಾಪುರದ ಬುದ್ಧ ಮಲಗಿದ ಬೆಟ್ಟ, ಬೋನಾಳ ಕೆರೆ, ವಾಗಣಗೇರಾ ಕೋಟೆ, ಸುರಪುರದ ಟೇಲರ್ ಮಂಜಿಲ್, ಕೃಷ್ಣಾ ದಂಡೆಯ ತಿಂಥಣಿ, ಮತ್ತೆ ಸುರಪುರದ ಹತ್ತಿರ ನಮ್ಮೂರಲ್ಲಿ ಅವ್ವನ ಮನೆ.

ಎಂಟು ಜಾಗ ಸುತ್ತೋಕೆ 40,320 ಕ್ರಮಗಳಿವೆ. ಬಿಇಯಲ್ಲಿ ಟ್ರಾವೆಲಿಂಗ್ ಸೇಲ್ಸ್‌ಮನ್ ಲೆಕ್ಕ ಮಾಡಿದವರಿಗೆ ಇದರ ರುಚಿ ಗೊತ್ತು. ಅಮೆರಿಕದ ಬೆನ್ ಬ್ಲಾಟ್ ಅನ್ನೋನು 30 ದಿನದಲ್ಲಿ 30 ಬೇಸ್‌ಬಾಲ್ ಸ್ಟೇಡಿಯಂ ಮುಗಿಸೋಕೆ ಇಂಥದ್ದೇ ಪ್ರೋಗ್ರಾಂ ಬರೆದು, ಗೆಳೆಯನ ಜೊತೆ ಕಾರಲ್ಲಿ ಹೊರಟಿದ್ದ. ಆ ಕಥೆ 2014ರಲ್ಲಿ ಪುಸ್ತಕವಾಗಿಯೂ ಬಂತು. ಅವರದೊಂದು ಕಟ್ಟುಪಾಡಿತ್ತು: ಪ್ರತಿ ಪಂದ್ಯವನ್ನೂ ಮೊದಲ ಎಸೆತದಿಂದ ಕೊನೇ ಎಸೆತದವರೆಗೆ ಕೂತು ನೋಡಬೇಕು. ನಾನು ಅವರಿಂದ ಪ್ರೋಗ್ರಾಮಿನ ಐಡಿಯಾ ಮಾತ್ರ ಎತ್ಕೊಂಡೆ.

ಪ್ಲಾನ್ ಪಕ್ಕಾ ನಡೀತು. ಮಲಗಿದ ಬುದ್ಧನಿಗೆ ಐದು ನಿಮಿಷ. ಅವನು ದೂರದಿಂದಲೇ ಚೆಂದ, ಅದರಲ್ಲಿ ತಪ್ಪೇನಿಲ್ಲ. ವಾಗಣಗೇರಾಕ್ಕೆ ಇಪ್ಪತ್ತು. 1705ರಲ್ಲಿ ಔರಂಗಜೇಬ ತಾನೇ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದ ಕೋಟೆ ಅದು. ಅವನಿಗೆ ಎಕ್ಸೆಲ್ ಇರಲಿಲ್ಲ ಬಿಡಿ.

ಅವ್ವನ ಮನೆಗೆ 25. ಮೊದಲೇ ಫೋನಲ್ಲಿ ಹೇಳಿದ್ದೆ. "ಇಪ್ಪತ್ತೈದು ನಿಮಿಷದಾಗ ನಾ ರೊಟ್ಟಿ ಬಡದು ಮುಗಸಬೇಕೋ, ನೀವು ಉಂಡು ಏಳಬೇಕೋ ತಮ್ಮಾ?" ಅಂದಿದ್ದಳು. ಒಲೆ ಮುಂದಿನಿಂದ ಬಿಸಿ ರೊಟ್ಟಿ ಒಂದೊಂದಾಗಿ ಬರ್ತಾನೇ ಇದ್ದವು, ಪುಂಡಿಪಲ್ಯೆ ಜೊತೆ. ಗೆಳೆಯರು ಹೊಗಳಿದ್ದೂ ಹೊಗಳಿದ್ದೇ. ಅವ್ವ ಸೀರೆ ಸೆರಗಿಗೆ ಕೈ ಒರೆಸಿಕೊಳ್ತಾ ಹೊರಗೆ ಬಂದು ಕೂರೋದಕ್ಕೂ ನನ್ನ ಮೊಬೈಲಿನ ಅಲಾರಾಂ ಹೊಡೆಯೋದಕ್ಕೂ ಸರಿಹೋಯ್ತು.

ಆ ಲೆಕ್ಕ ಕಡಿಮೆ ಮಾಡಿಕೊಡೋದು ದಾರಿಯನ್ನು ಮಾತ್ರ. ಒಂದೊಂದು ಕಡೆ ಎಷ್ಟು ಹೊತ್ತು ಇರಬೇಕು ಅನ್ನೋದನ್ನ ಅದು ಹೇಳಲ್ಲ, ನಾವೇ ತುಂಬಬೇಕು. 25 ಅಂತ ತುಂಬಿದವನು ನಾನು, ಅದೂ ಅವ್ವನನ್ನ ಕೇಳದೆ. ಕೋಟೆಗೆ ಕಡಿಮೆ ಹೊತ್ತು ಕೊಟ್ಟರೆ ನಷ್ಟ ನನಗೊಬ್ಬನಿಗೆ; ಕೋಟೆ ಬೆಳಗಿನಿಂದ ಬಾಗಿಲಲ್ಲಿ ನಿಂತು ದಾರಿ ನೋಡಿರಲ್ಲ. ಮನುಷ್ಯರನ್ನೂ ಅದೇ ಕಾಲಮ್ಮಿಗೆ ಹಾಕೋ ಹಕ್ಕು ನನಗೆ ಎಲ್ಲಿಂದ ಬಂತು?

ಹಾಗಂತ ಪ್ಲಾನ್ ಮಾಡೋದೇ ಪಟ್ಟಣದವರ ರೋಗ ಅಂತ ನಾನು ಒಪ್ಪಲ್ಲ. ಸುರಪುರ ಸಂತೆಗೆ ಹೊರಟರೆ ಅಪ್ಪ ನನಗಿಂತ ಚೆನ್ನಾಗಿ ರೂಟ್ ಹಾಕ್ತಿದ್ದ: ಮೊದಲು ಮೋಟಾರ್ ರಿಪೇರಿಗೆ ಕೊಡೋದು, ಅದಾಗೋವಷ್ಟರಲ್ಲಿ ಕಾಯಿಪಲ್ಯೆ, ಗೊಬ್ಬರದ ಚೀಲ ಕೊನೆಗೆ. ಹಂಗೆ ಉಳಿಸಿದ ಹೊತ್ತೆಲ್ಲ ಅತ್ತೆ ಮನೇಲಿ, ಚಹಾ ಕುಡೀತಾ, ಕೊನೇ ಬಸ್ಸಿನ ತನಕ.

ನಾವು ಐವತ್ತು ನಿಮಿಷ ಮೊದಲೇ ಸ್ಟೇಷನ್ ಸೇರಿದ್ವಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಾಲಾಗಿ ಕೂತು ಎಲ್ಲರೂ ಮೊಬೈಲ್ ನೋಡ್ತಿದ್ದಾಗ ಅವ್ವನ ಫೋನ್ ಬಂತು.

"ಗಾಡಿ ಸಿಕ್ತೇನಪಾ?"

"ಹೂಂ ಅವ್ವ, ಓಡಿ ಹತ್ತಿದ್ವಿ," ಅಂದೆ.