ಭರವಸೆ ಯಾರದು?

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ವಿಶೇಷಣ ಬಹಳ ಅಗ್ಗವಾಗಿದೆ. ಹದಿನಾರು ಹದಿನೇಳರ ಹುಡುಗನೊಬ್ಬ ಎರಡು ಪದಕ ಗೆದ್ದರೆ ಸಾಕು, ಅವನು 'ಭರವಸೆಯ ಸೈಕ್ಲಿಸ್ಟ್' ಆಗಿಬಿಡುತ್ತಾನೆ. ಐದಾರು ವರ್ಷಗಳ ನಂತರ ಅದೇ ಹುಡುಗನ ಬಗ್ಗೆ ಬರೆಯುವ ಪ್ರಸಂಗ ಬಂದರೆ 'ಭರವಸೆ ಹುಸಿಯಾಯಿತು' ಎಂದು ಬರೆಯುತ್ತೇವೆ. ಹೆಚ್ಚಿನ ಪಾಲು ಬರೆಯುವ ಪ್ರಸಂಗವೇ ಬರುವುದಿಲ್ಲ. ಈ ಎರಡು ವಾಕ್ಯಗಳ ನಡುವೆ ಅವನ ಬದುಕಿನಲ್ಲಿ ಏನು ನಡೆಯಿತು ಎಂಬುದು ಯಾರಿಗೂ ಬೇಕಾಗಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ಭರವಸೆಯನ್ನು ಕೊಟ್ಟವರು ಯಾರು? ಹುಡುಗನಂತೂ ಯಾರ ಮುಂದೆಯೂ ನಿಂತು ಮಾತು ಕೊಟ್ಟಿರಲಿಲ್ಲ. ಅವನು ಸೈಕಲ್ ತುಳಿದಿದ್ದ, ಅಷ್ಟೆ.

ಉರ್ದುವಿನಲ್ಲಿ ಇಂಥವನನ್ನು 'ಹೋನ್‌ಹಾರ್' ಎನ್ನುತ್ತಾರೆ. ಮುಂದೆ ಏನೋ ಆಗಲಿರುವವನು ಎಂಬುದು ಅದರ ಭಾವ. ಆ ಪದದಲ್ಲಿ ಕೊಟ್ಟ ಮಾತಿಲ್ಲ, ಸಾಲವಿಲ್ಲ. ಕನ್ನಡದ 'ಭರವಸೆ'ಯಲ್ಲಿ ಇವೆರಡೂ ಹೇಗೋ ಸೇರಿಕೊಂಡಿವೆ. ನಾವು ಅವನ ಮೇಲೆ ಇಟ್ಟ ನಂಬಿಕೆ, ಅವನು ನಮಗೆ ಕೊಟ್ಟ ವಚನವಾಗಿ ಓದಿಸಿಕೊಳ್ಳುತ್ತದೆ. ಆದರೂ ಎರಡೂ ಭಾಷೆಗಳ ಗಾದೆಗಳು ಒಂದೇ ಮಾತು ಹೇಳುತ್ತವೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದು ಇಲ್ಲಿ, ಹೋನ್‌ಹಾರ್ ಸಸಿಯ ಎಲೆಗಳು ನುಣುಪಾಗಿರುತ್ತವೆ ಎಂದು ಅಲ್ಲಿ. ಗಾದೆ ಕಟ್ಟಿದವರು ರೈತರೇ ಆಗಿದ್ದರೆ, ನುಣುಪಾದ ಎಲೆಯ ಎಷ್ಟು ಸಸಿಗಳು ಒಣಗಿಹೋದವೆಂಬುದನ್ನೂ ಅವರು ಕಂಡಿರಬೇಕು. ಗಾದೆಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಈ ಮಾತು ನಮಗೆ ದೂರದ್ದಲ್ಲ. ಕರ್ನಾಟಕದ ಸೈಕಲ್ ಓಟ ಎಂದರೆ ಮುಖ್ಯವಾಗಿ ಉತ್ತರ ಕರ್ನಾಟಕದ ಓಟ. ವಿಜಯಪುರ, ಬಾಗಲಕೋಟೆ, ಜಮಖಂಡಿ, ಗದಗ ಮತ್ತು ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ರಾಷ್ಟ್ರ ಮಟ್ಟದ ಪಂದ್ಯಗಳಿಗೆ ರಾಜ್ಯದಿಂದ ಹೋಗುವ ಮಕ್ಕಳಲ್ಲಿ ಬಹುಪಾಲು ಈ ಕಡೆಯವರೇ. ಒಕ್ಕಲುತನದ ಮನೆಯ ಮಕ್ಕಳು. ಹುಡುಗಿಯರೂ ಹಿಂದೆ ಬಿದ್ದಿಲ್ಲ, ಕೆಲವು ವರ್ಷ ಹುಡುಗರಿಗಿಂತ ಮುಂದೆಯೇ ಇದ್ದಾರೆ. ಜಾತ್ರೆ, ಉರುಸುಗಳಲ್ಲಿ ಸೈಕಲ್ ಪಂದ್ಯ ಇಡುವುದು ಈ ನೆಲದ ಹಳೆಯ ರೂಢಿ. ಅಲ್ಲಿ ಗೆದ್ದವನನ್ನು ಯಾರೋ ಒಬ್ಬ ಮಾಸ್ತರರು ನೋಡುತ್ತಾರೆ, ಕ್ರೀಡಾ ನಿಲಯದ ಆಯ್ಕೆಗೆ ಕಳಿಸುತ್ತಾರೆ. ಸಬ್ ಜೂನಿಯರ್, ಜೂನಿಯರ್ ವಿಭಾಗಗಳಲ್ಲಿ ಪದಕಗಳು ಬರುತ್ತವೆ. ಇಪ್ಪತ್ತು ದಾಟುವ ಹೊತ್ತಿಗೆ ಆ ಹೆಸರುಗಳಲ್ಲಿ ಹೆಚ್ಚಿನವು ಕಾಣುವುದೇ ಇಲ್ಲ.

ಏಕೆ ಹೀಗೆ ಎಂದರೆ ಸೋಮಾರಿತನ, ಅಹಂಕಾರ, ಕೆಟ್ಟ ಸಹವಾಸ ಎಂದು ಸುಲಭದ ಉತ್ತರಗಳನ್ನು ಕೊಡುವವರಿದ್ದಾರೆ. ಇದ್ದರೂ ಇರಬಹುದು. ಆದರೆ ಈ ಆಟದ ಒಳಗೇ ಒಂದು ಲೆಕ್ಕವಿದೆ, ಅದನ್ನು ತಿಳಿಯದೆ ತೀರ್ಪು ಕೊಡಬಾರದು. ವಿಶ್ವ ಚಾಂಪಿಯನ್‌ಶಿಪ್‌ನ ರಸ್ತೆ ಓಟದಲ್ಲಿ ಜೂನಿಯರ್ ಹುಡುಗರು ತುಳಿಯುವುದು ಸುಮಾರು 120ರಿಂದ 140 ಕಿ.ಮೀ. ಹಿರಿಯರದ್ದು 250 ಕಿ.ಮೀ. ದಾಟುತ್ತದೆ. ಮೂರನೆಯ ಗಂಟೆಯಲ್ಲಿ ಗೆಲ್ಲುವವನೂ ಆರನೆಯ ಗಂಟೆಯಲ್ಲಿ ಗೆಲ್ಲುವವನೂ ಒಬ್ಬನೇ ಆಗಬೇಕೆಂದಿಲ್ಲ. ಜೂನಿಯರ್‌ಗಳು ಭಾರೀ ಗೇರ್ ಹಾಕಬಾರದೆಂಬ ಅಂತರರಾಷ್ಟ್ರೀಯ ನಿಯಮವೂ 2023ರಲ್ಲಿ ತೆಗೆದುಹಾಕುವವರೆಗೆ ಇತ್ತು. ಎಳೆಯ ಮೊಣಕಾಲು ಕೆಡದಿರಲಿ ಎಂಬುದು ಅದರ ಉದ್ದೇಶ. ಆದರೆ ಹಗುರ ಗೇರಿನಲ್ಲಿ ಚುರುಕಾಗಿ ಕಾಲಾಡಿಸುವವನು ಭಾರದ ಗೇರಿಗೆ ಬಂದಾಗ ಬೇರೆಯೇ ಸವಾರನಾಗಬೇಕಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯ, ಹದಿನಾರನೆಯ ವಯಸ್ಸಿಗೆ ಒಬ್ಬನ ಮೈ ಗಂಡಾಳಿನಂತೆ ಬಲಿತಿರುತ್ತದೆ, ಪಕ್ಕದವನು ಇನ್ನೂ ಹುಡುಗನಾಗಿಯೇ ಇರುತ್ತಾನೆ. ಮೊದಲನೆಯವನು ಎಲ್ಲ ಪದಕಗಳನ್ನೂ ಗೆಲ್ಲುತ್ತಾನೆ. ಮೂರು ವರ್ಷದಲ್ಲಿ ಪಕ್ಕದವನ ಮೈಯೂ ಬಲಿಯುತ್ತದೆ. ಆಗ ಮೊದಲಿನವನು 'ಕುಸಿದ' ಎನ್ನುತ್ತೇವೆ. ಅವನು ಕುಸಿದಿಲ್ಲ, ಉಳಿದವರು ಬೆಳೆದರು. ನಾವು ಪ್ರತಿಭೆ ಎಂದು ಓದಿದ್ದು ಬೇಗ ಬಲಿತ ಮೈಯನ್ನು.

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಆದರೂ ಬೆಳೆಯುವ ಹೊಲ ಕಡಿಮೆಯಾಗುತ್ತ ಬಂದಿದೆ. ಕಾರಣ ಕೇಳಿದರೆ ರೈತರು ಮೊದಲು ಹೇಳುವುದು ಕಾಲದ ಮಾತು. ಬೇರೆ ಬಾಳೆ ವರ್ಷದೊಳಗೆ ಅಥವಾ ತುಸು ಹೆಚ್ಚು ಕಡಿಮೆ ವರ್ಷಕ್ಕೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳವರೆಗೂ ಕಾಯಬೇಕು. ಗೊಬ್ಬರ ಹೆಚ್ಚು ಬೇಕು, ನೀರು ಬೇಕು. ಹನ್ನೆರಡನೆಯ ತಿಂಗಳಿಗೆ ಹೊಲಕ್ಕೆ ಬಂದು ಗೊನೆ ಎಲ್ಲಿ ಎಂದು ಕೇಳುವ ದಲ್ಲಾಳಿಗೆ ಈ ಬೆಳೆ ಯಾವತ್ತೂ 'ಹುಸಿ ಭರವಸೆ'ಯೇ. ಕ್ರೀಡೆಯಲ್ಲಿ ನಾವೆಲ್ಲರೂ ಇಂಥ ದಲ್ಲಾಳಿಗಳು.

ಇನ್ನು ಗೊಬ್ಬರ, ನೀರಿನ ವಿಷಯ. ಟ್ರ್ಯಾಕ್ ಸೈಕ್ಲಿಂಗ್‌ಗೆ ವೆಲೋಡ್ರೋಮ್ ಬೇಕು, ಅಂಚುಗಳು ಮೇಲಕ್ಕೆ ವಾಲಿಕೊಂಡ ಬೋಗುಣಿಯಂಥ ಓಟದ ಕಣ. ಅಲ್ಲಿ ಓಡಿಸುವ ಸೈಕಲ್‌ಗೆ ಬ್ರೇಕೇ ಇರುವುದಿಲ್ಲ. ವಿಜಯಪುರಕ್ಕೆ ಇಂಥದ್ದೊಂದು ಕಣ ಮಂಜೂರಾಗಿ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಆ ವರ್ಷಗಳಲ್ಲಿ ಹದಿನೈದರ ಎಷ್ಟೋ ಮಕ್ಕಳು ಇಪ್ಪತ್ತು ದಾಟಿದರು. ಕಟ್ಟಡದ ಕೆಲಸ ತಡವಾದರೆ ಬಿಲ್ಲು ತಡವಾಗುತ್ತದೆ. ಕಾಲಿನ ಬಲಕ್ಕೆ ತಡವಾದರೆ ಕಾಲವೇ ಹೋಗುತ್ತದೆ. ಸೈಕಲ್‌ನ ಬೆಲೆಯ ಮಾತು ಬೇಡವೇ ಬೇಡ. ಅಂತರರಾಷ್ಟ್ರೀಯ ಮಟ್ಟದಲ್ಲಿ ಬಳಸುವ ಕಾರ್ಬನ್ ಸೈಕಲ್ ಒಂದಕ್ಕೆ ಲಕ್ಷಗಳು ಬೇಕು, ಅದು ಎಷ್ಟೋ ಮನೆಗಳ ಒಂದು ವರ್ಷದ ಬೆಳೆಗಿಂತ ಹೆಚ್ಚು.

ಹೀಗಿರುವಾಗ ಆ ಮಕ್ಕಳು ಏನು ಮಾಡುತ್ತಾರೆ? ಪದಕದ ಪ್ರಮಾಣಪತ್ರ ಹಿಡಿದು ಕ್ರೀಡಾ ಕೋಟಾದಲ್ಲಿ ನೌಕರಿ ಹುಡುಕುತ್ತಾರೆ. ರೈಲ್ವೆ, ಸೇನೆ, ಪೊಲೀಸ್. ನೌಕರಿ ಸಿಕ್ಕ ದಿನವೇ ಅನೇಕರ ಓಟ ನಿಲ್ಲುತ್ತದೆ. ಹುಡುಗಿಯರಿಗೆ ಇದರ ಜೊತೆಗೆ ಮದುವೆಯ ಪ್ರಶ್ನೆ ಬರುತ್ತದೆ. ಬೆಂಗಳೂರಿನಲ್ಲಿ ಕುಳಿತವರು ಇದನ್ನು 'ಗುರಿಯ ಕೊರತೆ' ಎನ್ನುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಎರಡು ಎಕರೆ ಒಣಬೇಸಾಯದ ಮನೆಯಿಂದ ಬಂದವನಿಗೆ ರೈಲ್ವೆಯ ಕೆಲಸವೇ ಗುರಿಯಾಗಿತ್ತು, ಪದಕ ಅದರ ದಾರಿಯಾಗಿತ್ತು. ಅವನು ತನ್ನ ಓಟವನ್ನು ಗೆದ್ದಿದ್ದಾನೆ. ಸೋತದ್ದು ಅವನ ಮೇಲೆ ನಾವು ಕಟ್ಟಿದ ಬಾಜಿ. ಇದಕ್ಕೆ ಎದುರಾಗಿ ನವೀನ್ ಜಾನ್ ಅವರನ್ನು ನೋಡಿ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಸೈಕಲ್ ಓಟಕ್ಕೆ ಇಳಿದವರು, ಬೆಂಗಳೂರಿಗೆ ಬಂದು ಒಂದಕ್ಕಿಂತ ಹೆಚ್ಚು ಸಲ ರಾಷ್ಟ್ರೀಯ ಟೈಮ್ ಟ್ರಯಲ್ ಪ್ರಶಸ್ತಿ ಗೆದ್ದರು, ಆಸ್ಟ್ರೇಲಿಯಾದ ತಂಡವೊಂದರಲ್ಲೂ ಓಡಿದರು. ಅವರ ಛಲ ದೊಡ್ಡದು. ಆದರೆ ಸೋತರೂ ಮರಳಿ ಹೋಗಲು ಒಂದು ಪದವಿ ಕೈಯಲ್ಲಿತ್ತು. ಅಂಥ ಛಲಕ್ಕೆ ಅಷ್ಟು ನೆಲೆಯಾದರೂ ಬೇಕು.

ಅಂಡಮಾನ್ ನಿಕೋಬಾರ್‌ನ ಡೆಬೊರಾ ಹೆರಾಲ್ಡ್ ಅವರದು ನಮ್ಮ ದೇಶದ ಕಣ್ಣಿಗೆ ಬೀಳಬೇಕಾದ ಕಥೆ. 2004ರ ಸುನಾಮಿಯಲ್ಲಿ ಒಂಬತ್ತರ ಹುಡುಗಿ ಮರವೊಂದಕ್ಕೆ ಅಂಟಿಕೊಂಡು ದಿನಗಟ್ಟಲೆ ಬದುಕುಳಿದಳು. ಹನ್ನೊಂದು ವರ್ಷಗಳ ಬಳಿಕ, 2015ರಲ್ಲಿ, 500 ಮೀಟರ್ ಟೈಮ್ ಟ್ರಯಲ್‌ನ ವಿಶ್ವ ಶ್ರೇಯಾಂಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿದಳು. ಆಗ ಎಲ್ಲ ಪತ್ರಿಕೆಗಳೂ ಒಲಿಂಪಿಕ್ಸ್ ಎಂದು ಬರೆದವು. ಒಲಿಂಪಿಕ್ಸ್ ಬರಲಿಲ್ಲ. ಕೆಲ ವರ್ಷಗಳಲ್ಲಿ ಅವಳ ಹೆಸರು ರಾಷ್ಟ್ರೀಯ ತಂಡದ ಮುಂಚೂಣಿಯಿಂದಲೂ ಸರಿಯಿತು. ಅದೇ ದ್ವೀಪಗಳ ಎಸೋ ಆಲ್ಬೆನ್ 2018ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ, ಮರುವರ್ಷ ಜೊತೆಗಾರರೊಂದಿಗೆ ತಂಡದ ಸ್ಪ್ರಿಂಟ್‌ನಲ್ಲಿ ಚಿನ್ನ ಗೆದ್ದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಒಬ್ಬ ಸೈಕ್ಲಿಸ್ಟ್ ಕೂಡ ಅರ್ಹತೆ ಪಡೆಯಲಿಲ್ಲ. ಒಲಿಂಪಿಕ್ಸ್ ಸೈಕ್ಲಿಂಗ್‌ನಲ್ಲಿ ನಮ್ಮವರು ಕೊನೆಯ ಸಲ ಇಳಿದದ್ದು 1964ರ ಟೋಕಿಯೋದಲ್ಲಿ. ಅರವತ್ತು ವರ್ಷಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಮಸುಕಾದರೆ ಅದನ್ನು ಅವರವರ ಮನೋಬಲದ ಕೊರತೆ ಎಂದು ಹೇಗೆ ಹೇಳುವುದು?

ಸೌಲಭ್ಯ ಇದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಮುಗಿಸಿಬಿಡಬಹುದಿತ್ತು. ಯುರೋಪ್ ಹಾಗೆ ಮುಗಿಸಲು ಬಿಡುವುದಿಲ್ಲ. ಅಲ್ಲಿ ರಸ್ತೆ, ಹಣ, ವೈದ್ಯರು, ಮನೆಮನೆಯಲ್ಲೂ ಈ ಆಟದ ಅಭಿಮಾನ ಎಲ್ಲವೂ ಇದೆ. ಜರ್ಮನಿಯ ಯಾನ್ ಉಲ್‌ರಿಶ್ 1997ರಲ್ಲಿ, 23ನೆಯ ವಯಸ್ಸಿಗೆ, ಟೂರ್ ಡಿ ಫ್ರಾನ್ಸ್ ಗೆದ್ದ. ಇನ್ನೂ ಹಲವು ಸಲ ಗೆಲ್ಲುತ್ತಾನೆಂದು ಪಂಡಿತರೆಲ್ಲ ಬರೆದಿಟ್ಟರು. ಮತ್ತೆ ಒಂದು ಸಲವೂ ಗೆಲ್ಲಲಿಲ್ಲ. ಎರಡನೆಯ ಸ್ಥಾನವನ್ನು ಮಾತ್ರ ಒಟ್ಟು ಐದು ಬಾರಿ ಪಡೆದ. ಜಗತ್ತಿನಲ್ಲಿ ಎರಡನೆಯವನಾಗುವುದೂ 'ವಿಫಲತೆ' ಎನಿಸಿಕೊಂಡಿತು. ಬೆಲ್ಜಿಯಂನ ಫ್ರಾಂಕ್ ವಾಂಡನ್‌ಬ್ರುಕ್ 24ನೆಯ ವಯಸ್ಸಿಗೆ, 1999ರಲ್ಲಿ, ಲೀಜ್-ಬಾಸ್ಟೋನ್-ಲೀಜ್ ಎಂಬ ಹಳೆಯ ಪ್ರತಿಷ್ಠಿತ ಓಟವನ್ನು ಗೆದ್ದ. ಆಮೇಲೆ ಔಷಧಿಗಳ ಹಗರಣ, ಖಿನ್ನತೆ, ತಂಡದಿಂದ ತಂಡಕ್ಕೆ ಅಲೆದಾಟ. 2006ರಲ್ಲಿ ಇಟಲಿಯ ಸಣ್ಣ ಹವ್ಯಾಸಿ ಓಟವೊಂದರಲ್ಲಿ ಬೇರೆಯವನ ಹೆಸರಿನ ಪರವಾನಗಿ ಹಿಡಿದು ಓಡಿದ್ದು ಬಯಲಾಯಿತು. ಇದನ್ನು ಓದಿ ಎಲ್ಲರೂ ನಕ್ಕರು. ನಮಗೆ ಅದು ನಗುವ ಸಂಗತಿಯಾಗಿ ಕಾಣುವುದಿಲ್ಲ. ತನ್ನ ಹೆಸರಿನ ಭಾರ ತಾಳಲಾರದೆ ಒಬ್ಬ ಮನುಷ್ಯ ಬೇರೆ ಹೆಸರಿನಲ್ಲಿ ಸುಮ್ಮನೆ ಸೈಕಲ್ ತುಳಿಯಲು ಬಯಸಿರಬಹುದಲ್ಲವೇ? 2009ರಲ್ಲಿ ಸೆನೆಗಲ್‌ನಲ್ಲಿ ಅವನು ತೀರಿಕೊಂಡಾಗ ವಯಸ್ಸು 34.

ಇಲ್ಲಿ ಒಂದು ಮಾತು ತಡೆದು ಹೇಳಬೇಕು. ಉಲ್‌ರಿಶ್ ಮುಂದೆ ತಾನು ನಿಷಿದ್ಧ ವಿಧಾನಗಳನ್ನು ಬಳಸಿದ್ದನ್ನು ಒಪ್ಪಿಕೊಂಡ. ಆ ಕಾಲದ ದೊಡ್ಡ ಗೆಲುವುಗಳಲ್ಲಿ ಎಷ್ಟೋ ಮೋಸದವು. ಏಳು ಟೂರ್ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನಿಂದ 2012ರಲ್ಲಿ ಏಳನ್ನೂ ಕಿತ್ತುಕೊಳ್ಳಲಾಯಿತು. ಹಾಗಾದರೆ ಆ ವರ್ಷಗಳಲ್ಲಿ ರಕ್ತಕ್ಕೆ ಏನನ್ನೂ ಸೇರಿಸಲು ಒಪ್ಪದೆ ಹಿಂದೆ ಉಳಿದು, ಒಪ್ಪಂದ ಸಿಗದೆ, ಇಪ್ಪತ್ತನಾಲ್ಕಕ್ಕೇ ಊರಿಗೆ ಮರಳಿದ ಹುಡುಗರೂ ಇದ್ದಿರಲೇಬೇಕು. ಅವರ ಹೆಸರಿನ ಮುಂದೆಯೂ 'ಸಾಮರ್ಥ್ಯಕ್ಕೆ ತಕ್ಕಂತೆ ಬೆಳೆಯಲಿಲ್ಲ' ಎಂದೇ ದಾಖಲಾಗಿರುತ್ತದೆ. ಫಲಿತಾಂಶದ ಪಟ್ಟಿಗೆ ಸೋಮಾರಿಯೂ ಪ್ರಾಮಾಣಿಕನೂ ಒಂದೇ.

ನಮ್ಮ ಪ್ರಶ್ನೆಯನ್ನು ಅತ್ಯಂತ ಬಿಗಿಯಾಗಿ ಮುಂದಿಡುವವನು ನೆದರ್‌ಲ್ಯಾಂಡ್ಸ್‌ನ ಟಾಮ್ ಡ್ಯುಮೊಲಿನ್. 2017ರಲ್ಲಿ ಜಿರೊ ಡಿ ಇಟಾಲಿಯಾ ಗೆದ್ದವನು, ಮರುವರ್ಷ ಟೂರ್‌ನಲ್ಲಿ ಎರಡನೆಯವನು. 2021ರ ಜನವರಿಯಲ್ಲಿ, ಮೂವತ್ತರ ವಯಸ್ಸಿನಲ್ಲಿ, ತರಬೇತಿ ಶಿಬಿರದಿಂದ ಎದ್ದು ಮನೆಗೆ ಹೋದ. ತಂಡ, ಪ್ರಾಯೋಜಕರು, ಜನ ಎಲ್ಲರಿಗೂ ತನ್ನಿಂದ ಏನು ಬೇಕೆಂಬುದು ಗೊತ್ತಿದೆ, ತನಗೆ ಏನು ಬೇಕೆಂಬುದು ಮರೆತುಹೋಗಿದೆ ಎಂಬರ್ಥದ ಮಾತು ಹೇಳಿದ. ಕೆಲ ತಿಂಗಳ ನಂತರ ಮರಳಿ ಬಂದು ಟೋಕಿಯೋದಲ್ಲಿ ಬೆಳ್ಳಿ ಗೆದ್ದ, 2022ರಲ್ಲಿ ಓಟವನ್ನೇ ಬಿಟ್ಟ. ಅವನ ಕಾಲಿನಲ್ಲಿ ಇನ್ನೂ ಬಲವಿತ್ತು. ಅದನ್ನು ಬಳಸದೆ ಬಿಡುವ ಹಕ್ಕು ಅವನಿಗಿತ್ತೇ?

ಪ್ರತಿಭೆ ಒಂದು ಅಮಾನತ್, ನಮ್ಮ ವಶಕ್ಕೆ ಒಪ್ಪಿಸಿದ ವಸ್ತು, ಅದನ್ನು ಹಾಳುಗೆಡವಬಾರದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅಮಾನತ್ ಇಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ, ಬೀದಿಯಲ್ಲಿ ಹೋಗುವವರಿಗಿಲ್ಲ. ಅದೂ ಅಲ್ಲದೆ ಮೈಯೂ ಅಮಾನತ್ತೇ, ಮನಸ್ಸೂ ಅಮಾನತ್ತೇ. ಒಂದನ್ನು ಉಳಿಸಲು ಇನ್ನೊಂದನ್ನು ಸುಡಬೇಕೆಂದು ಯಾರು ಹೇಳಿದರು? ಕ್ರೀಡಾ ನಿಲಯದ ಅನ್ನ ಉಂಡವನಿಗೆ ಒಂದು ಋಣವಿದೆ, ನಿಜ. ಅವನು ಪಡೆದ ಜಾಗ ಇನ್ನೊಬ್ಬನಿಗೆ ಸಿಗಲಿಲ್ಲ. ಆ ಋಣ ಪ್ರಾಮಾಣಿಕ ಪ್ರಯತ್ನದ್ದು. ಮುಂಜಾನೆ ಐದಕ್ಕೆ ಎದ್ದು ತುಳಿದಿದ್ದರೆ ಅದು ತೀರಿತು. ಗೆಲುವು ಅವನ ಸಾಲದ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಅವನ ಕೈಯಲ್ಲಿರಲಿಲ್ಲ. ಅನೇಕ ತಂಡಗಳ ನೂರಕ್ಕೂ ಹೆಚ್ಚು ಸವಾರರು ಹೊರಡುವ ಟೂರ್ ಅನ್ನು ಗೆಲ್ಲುವವನು ಒಬ್ಬನೇ. ಉಳಿದವರಲ್ಲಿ ಬಹುಮಂದಿ ತಮ್ಮ ನಾಯಕನ ಮುಂದೆ ಗಾಳಿ ಸೀಳುತ್ತ, ಅವನಿಗೆ ನೀರಿನ ಬಾಟಲಿ ಹೊತ್ತು ತರುತ್ತ ಮೂರು ವಾರ ಕಳೆಯುತ್ತಾರೆ. ಅವರೆಲ್ಲ ಒಂದು ಕಾಲಕ್ಕೆ ತಂತಮ್ಮ ಊರಿನ ಭರವಸೆಗಳೇ ಆಗಿದ್ದವರು.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ ಮಾಡುವ ನಮ್ಮ ಪರಿಚಯದವರೊಬ್ಬರಿದ್ದಾರೆ, ಕಮಲಾಪುರ ಕಡೆಯವರು. ಹರೆಯದಲ್ಲಿ ಸುಮಾರು 35 ಕಿ.ಮೀ. ದಾರಿಯನ್ನು ಸೈಕಲ್ ಮೇಲೆಯೇ ಬಂದು ಹೋಗುತ್ತಿದ್ದರು, ಸುತ್ತಲಿನ ಜಾತ್ರೆಗಳ ಪಂದ್ಯಗಳಲ್ಲಿ ಅವರನ್ನು ಹಿಂದೆ ಹಾಕಿದವರಿರಲಿಲ್ಲ. ಈ ಲೇಖನದ ಗುಂಗಿನಲ್ಲಿದ್ದ ನಾವು ಒಂದು ಸಂಜೆ, ಅಷ್ಟು ಒಳ್ಳೆ ಕಾಲು ಇಟ್ಟುಕೊಂಡು ಮುಂದೆ ಬರಲಿಲ್ಲವಲ್ಲ, ಬೇಸರ ಇಲ್ಲವೇ ಎಂದು ಕೇಳಿದೆವು.

ಅವರು ಗಿರಾಕಿಗೆ ಹಣ್ಣು ತೂಗುತ್ತಲೇ, "ಸಾಹೇಬ್ರ, ಮುಂದ ಬರ್ತಾನ ಅಂತ ಮಂದಿ ಅಂದಿದ್ರು. ನಾ ಯಾವಾಗ ಅಂದಿದ್ದೆ?" ಎಂದರು. ಸ್ವಲ್ಪ ತಡೆದು ಮತ್ತೆ ಅವರೇ ಹೇಳಿದರು: "ಆದ್ರ ಒಬ್ಬರರ ಬಂದು ಹಿಂಗ ಕಲಿ, ಹಿಂಗ ತುಳಿ ಅಂತ ಹೇಳಿದ್ರ ಚಲೋ ಇತ್ತರಿ. ನೋಡಬೇಕಿತ್ತು, ಎಲ್ಲಿತನ ಹೋಗ್ತಿದ್ದೆ ಅಂತ."

ಈ ಎರಡನೆಯ ಮಾತು ನಮ್ಮನ್ನು ಬಿಡುತ್ತಿಲ್ಲ. ಮೊದಲನೆಯದರಲ್ಲಿ ಅವರು ನಮ್ಮ ಸಾಲದ ಚೀಟಿಯನ್ನು ಹರಿದು ಹಾಕಿದ್ದರು. ಎರಡನೆಯದರಲ್ಲಿ ತಾವೇ ಒಂದು ಬಾಕಿ ತೋರಿಸಿದರು, ನಮ್ಮ ಕಡೆಯಿಂದ ಬರಬೇಕಾದದ್ದು. ಎಲ್ಲಿಯವರೆಗೆ ಹೋಗಬಲ್ಲೆ ಎಂದು ನೋಡಿಕೊಳ್ಳುವ ಅವಕಾಶ ಅದು. ನೋಡಿದ ಮೇಲೆ ಸಾಕು ಎನ್ನಲು ಡ್ಯುಮೊಲಿನ್‌ಗೆ ಸಾಧ್ಯವಾಯಿತು. ನಮ್ಮ ಹಣ್ಣಿನ ವ್ಯಾಪಾರಿಗೆ ಸಾಕು ಎನ್ನುವ ಸರದಿಯೇ ಬರಲಿಲ್ಲ. ಇವರಿಬ್ಬರನ್ನೂ 'ಮಸುಕಾದ ಪ್ರತಿಭೆಗಳು' ಎಂಬ ಒಂದೇ ಚೀಲಕ್ಕೆ ತುಂಬಿದರೆ, ಇಲ್ಲಿ ತುಂಬಬೇಕಾದ ಬಾಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಜಯಪುರ, ಬಾಗಲಕೋಟೆಗಳ ಹೆದ್ದಾರಿಯಲ್ಲಿ ಬೆಳಕು ಹರಿಯುವ ಮೊದಲೇ ಮಕ್ಕಳು ಸಾಲಾಗಿ ಸೈಕಲ್ ತುಳಿಯುತ್ತಿರುತ್ತಾರೆ, ಪಕ್ಕದಲ್ಲೇ ಲಾರಿಗಳು ಹಾರ್ನ್ ಬಾರಿಸುತ್ತ ಹೋಗುತ್ತವೆ. ಆ ಮಕ್ಕಳಲ್ಲಿ ಯಾರು ಭರವಸೆಯವರು ಎಂದು ಆರಿಸುವ ಕೆಲಸವನ್ನು ಸದ್ಯಕ್ಕೆ ಬದಿಗಿಟ್ಟು, ಲಾರಿಗಳಿಲ್ಲದ ಒಂದು ದಾರಿಯನ್ನು ಅವರಿಗೆ ಮೊದಲು ಕೊಡಬಹುದು.