ಎಲ್ಲಿ ನಿಲ್ಲಿಸಲಿ, ಅಜ್ಜಿ?



ಜುಲೈ 26 ಸಂತ ಜೋವಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಇವರು ಮಾತೆ ಮರಿಯಮ್ಮನವರ ತಂದೆತಾಯಿ, ಯೇಸುಸ್ವಾಮಿಯ ಅಜ್ಜ ಅಜ್ಜಿ. ಆ ಹಬ್ಬಕ್ಕೆ ಹತ್ತಿರವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಸಾರಿದರು. ಈ ದಿನ ಹಿರಿಯರನ್ನು ಹೊಗಳುವುದು ಸುಲಭ. ನಾನು ಮಾತ್ರ ಇಂದು ನಿಮ್ಮ ಮುಂದೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ನಾನಿನ್ನೂ ಗುರುಮಠದಲ್ಲಿ ಓದುತ್ತಿದ್ದೆ. ಮೇ 3ರಂದು ಊಟಿಯ ಕಾಂದಲ್ ಕುರುಸಡಿಯಲ್ಲಿ ಪವಿತ್ರ ಶಿಲುಬೆಯ ಹಬ್ಬ. ತಾಳವಾಡಿಯಿಂದ ನಾವು ಮನೆಮಂದಿ ಒಂದು ಬಾಡಿಗೆ ವ್ಯಾನು ಮಾಡಿಕೊಂಡು ಹೊರಟೆವು. ತಾತ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು. ಬಂಡೀಪುರದ ರಸ್ತೆ ರಾತ್ರಿ ಮುಚ್ಚಿರುತ್ತದೆ, ಬೆಳಿಗ್ಗೆ ಆರಕ್ಕೇ ತೆಗೆಯುವುದು. ಅದಕ್ಕೆ ಕೋಳಿ ಕೂಗುವ ಮೊದಲೇ ಹೊರಟು, ಹೋಗುವಾಗ ದಿಂಬಂ ಘಾಟಿಯಲ್ಲಿ ಇಳಿದು, ಬರುವಾಗ ಬಂಡೀಪುರದ ಮೇಲೆ ಬರುವುದೆಂದು ತೀರ್ಮಾನವಾಯಿತು.

ಹಾಸನೂರು ದಾಟಿ ದಿಂಬಂಗೆ ಬರುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಅಲ್ಲಿಂದ ಬಣ್ಣಾರಿಗೆ 27 ತಿರುವು. ಕೆಳಗೆ ಬಯಲುಸೀಮೆಯ ಮೇಲೆ ಮಂಜು ಹಾಲಿನಂತೆ ನಿಂತಿತ್ತು. ಅಜ್ಜಿ ವಾಂತಿಯಾಗದಿರಲೆಂದು ನಿಂಬೆಹಣ್ಣು ಮೂಸುತ್ತಾ, ಇನ್ನೊಂದು ಕೈಯಲ್ಲಿ ಜಪಸರ ಹಿಡಿದು ಕಿಟಕಿಯ ಪಕ್ಕ ಕೂತಿದ್ದರು. ಅವರು ಕನ್ನಡದಲ್ಲಿ ‘ನಮೋ ಮರಿಯೆ’ ಹೇಳಿದರೆ, ತಮಿಳು ಶಾಲೆಗೆ ಹೋಗುವ ಮಕ್ಕಳು ಉಳಿದರ್ಧವನ್ನು ತಮಿಳಿನಲ್ಲಿ ಹೇಳುತ್ತಿದ್ದರು. ಜಪಸರ ಹಾಗೇ ಸಾಗಿತ್ತು.

ಘಾಟಿಯ ನಡುವೆ ಒಂದು ತಿರುವಿನಲ್ಲಿ ಅಜ್ಜಿ ಜಪ ನಿಲ್ಲಿಸಿ, “ಕೂಸೇ, ಇಲ್ಲೊಂಚೂರು ನಿಲ್ಸು ಕಣಪ್ಪಾ” ಅಂದರು.

ಮುಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತಾ ಕೂತಿದ್ದವನು ನಾನು. “ಬಣ್ಣಾರೀಲಿ ನಿಲ್ಲಿಸ್ತೀವಿ ಅಜ್ಜಿ, ಅಲ್ಲಿ ಶೌಚಾಲಯ ಇದೆ” ಅಂದೆ.

“ಅದಕ್ಕಲ್ಲ” ಅಂದರು.

“ಹಂಗಾದ್ರೆ ಬರುವಾಗ ನೋಡೋಣ. ಪೂಜೆಗೆ ಹೊತ್ತಾಗುತ್ತೆ.”

ವ್ಯಾನು ಮುಂದೆ ಹೋಯಿತು. ಅಜ್ಜಿ ಕತ್ತು ತಿರುಗಿಸಿ, ಆ ಜಾಗ ಮರೆಯಾಗುವವರೆಗೂ ನೋಡಿದರು. ಬರುವಾಗ ನಾವು ಆ ದಾರಿಯಲ್ಲಿ ಬರುವುದೇ ಇಲ್ಲ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಅವರಿಗೆ ಹೊಳೆದಿತ್ತೋ ಏನೋ, ಮತ್ತೆ ಕೇಳಲಿಲ್ಲ.

ಪೂಜೆಗೆ ಸರಿಯಾದ ಸಮಯಕ್ಕೆ ತಲುಪಿದೆವು. ಶಿಲುಬೆಯ ಪವಿತ್ರ ಅವಶೇಷಕ್ಕೆ ನಮಸ್ಕರಿಸಿದೆವು. ಸಂಜೆ ಮುದುಮಲೈ ದಾಟಿ ಬಂಡೀಪುರಕ್ಕೆ ಬಂದಾಗ ತಾತ, ಮೇಲುಕಾಮನಹಳ್ಳಿ, ಗುಂಡ್ಲುಪೇಟೆ ಎಂದು ಕಂಡ ಕಂಡ ಕನ್ನಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬಂದರು. ಕನ್ನಡ ಓದಲು ಬಾರದ ಮೊಮ್ಮಕ್ಕಳು ಅವರ ಬೆನ್ನಿಗೇ ಅದನ್ನು ಕೂಗುತ್ತಾ ಬಂದರು. ಸಂತೋಷದ ಪ್ರಯಾಣವೇ ಅದು. ಆದರೆ ಮುಂದಿನ ವರ್ಷ ಅಜ್ಜಿಗೆ ಲಕ್ವ ಹೊಡೆಯಿತು, ಮಾತು ನಿಂತಿತು. ಆ ತಿರುವಿನಲ್ಲಿ ಏನಿತ್ತು? ಹುಡುಗಿಯಾಗಿದ್ದಾಗ ನಡೆದ ಹಾದಿಯೇ? ಯಾರನ್ನಾದರೂ ಕಳೆದುಕೊಂಡ ಜಾಗವೇ? ತಾತನಿಗೂ ಗೊತ್ತಿರಲಿಲ್ಲ. ಈಗ ಅವರಿಬ್ಬರೂ ಇಲ್ಲ. ದೇವರ ಪೂಜೆಗೆಂದೇ ಅವಸರ ಮಾಡಿದೆ ನಾನು. ಜೆರಿಕೋ ದಾರಿಯಲ್ಲಿ ಪಕ್ಕಕ್ಕೆ ಸರಿದು ಹೋದ ಯಾಜಕನ ಸಾಮತಿ ಓದುವಾಗಲೆಲ್ಲ ಆ ತಿರುವು ಕಣ್ಣ ಮುಂದೆ ಬರುತ್ತದೆ.

ಪ್ರಿಯರೇ, ವಿಮೋಚನಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ಫರೋಹನು ಮೋಶೆಯನ್ನು ಒಂದು ಪ್ರಶ್ನೆ ಕೇಳುತ್ತಾನೆ: ದೇವರ ಹಬ್ಬಕ್ಕೆ ಹೋಗುವವರು ಯಾರು ಯಾರು? ಚಿಕ್ಕವರು, ಮುದುಕರು, ಗಂಡುಮಕ್ಕಳು, ಹೆಣ್ಣುಮಕ್ಕಳು, ದನಕುರಿ, ಎಲ್ಲರೂ ಎನ್ನುತ್ತಾನೆ ಮೋಶೆ. ಗಂಡಸರು ಮಾತ್ರ ಹೋಗಲಿ ಎಂದು ಫರೋಹನ ಹಟ. ಮೋಶೆ ಅದಕ್ಕೆ ಒಪ್ಪಲಿಲ್ಲ. ನಡೆಯಬಲ್ಲವರಷ್ಟೇ ಹೋಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಅದು ದೇವಜನರ ಬಿಡುಗಡೆ ಆಗುತ್ತಿರಲಿಲ್ಲ. ಹೀಗೆ ವಾದಿಸಿದ ಮೋಶೆಗೇ ಆಗ 80 ವರ್ಷ, ಅಣ್ಣ ಆರೋನನಿಗೆ 83.

ಎಲ್ಲರನ್ನೂ ಕರೆದುಕೊಂಡು ಹೊರಟರಷ್ಟೇ ಸಾಲದು, ಯಾರ ನಡಿಗೆಗೆ ತಕ್ಕಂತೆ ನಡೆಯುವುದು ಎಂಬುದೂ ಮುಖ್ಯ. ಆದಿಕಾಂಡ 33ರಲ್ಲಿ ಏಸಾವನು ಜೊತೆಯಾಗಿ ಹೋಗೋಣವೆಂದು ಕರೆದಾಗ ಯಕೋಬನು, ನೀನು ಮುಂದೆ ನಡೆ, ನಾನು ಎಳೆಮಕ್ಕಳ ಮತ್ತು ಮರಿಹಾಕಿದ ಮಂದೆಯ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎನ್ನುತ್ತಾನೆ. ಹಿಂದಿನ ರಾತ್ರಿಯ ಹೋರಾಟದಲ್ಲಿ ಅವನ ತೊಡೆಯ ಕೀಲು ತಪ್ಪಿತ್ತು. ಕುಂಟುವವನಿಗೇ ಇತರರ ನಿಧಾನ ಅರ್ಥವಾಗುವುದು.

ನಾನು ಅಜ್ಜಿಯನ್ನು ಬಿಟ್ಟು ಹೋಗಿರಲಿಲ್ಲ, ವ್ಯಾನಿನಲ್ಲೇ ಕೂರಿಸಿಕೊಂಡು ಹೋಗಿದ್ದೆ. ಆದರೂ ಅವರು ನಮ್ಮ ಜೊತೆ ಪ್ರಯಾಣ ಮಾಡಲಿಲ್ಲ, ಸಾಮಾನಿನಂತೆ ಬಂದರು ಅಷ್ಟೆ. ಇಂದು ಎಷ್ಟೋ ಮನೆಗಳಲ್ಲಿ ಹಿರಿಯರ ಪಾಡು ಇದೇ. ಊಟ ಇದೆ, ಮಾತ್ರೆ ಇದೆ, ಹಾಸಿಗೆ ಇದೆ. ಆದರೆ ಅವರು ‘ನಿಲ್ಲಿಸು’ ಅಂದರೆ ನಿಲ್ಲುವವರಿಲ್ಲ. ನಮ್ಮಂಥ ಕನ್ನಡದ ಚಿಕ್ಕ ಸಮುದಾಯಕ್ಕೆ ಈ ನಷ್ಟ ಇನ್ನೂ ದೊಡ್ಡದು. ನಮ್ಮ ಹಿರಿಯರು ಯಾವ ಊರಿಂದ ಬಂದರು, ಯಾವ ಜಪವನ್ನು ಯಾರಿಂದ ಕಲಿತರು ಎಂಬುದು ಬಹುಪಾಲು ಯಾವ ಪುಸ್ತಕದಲ್ಲೂ ಇಲ್ಲ. ಅವರ ಬಾಯಲ್ಲಿದೆ, ಅದೂ ಕನ್ನಡದಲ್ಲಿ.

ಹಿರಿಯರಲ್ಲೂ ಒಂದು ವಿನಂತಿ. “ನೀವೆಲ್ಲ ಹೋಗಿಬನ್ನಿ, ನಾನು ಮನೇಲಿರ್ತೀನಿ” ಎಂದು ಹಿಂದೆ ಸರಿಯಬೇಡಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ, ಇನ್ನೊಮ್ಮೆ ಕೇಳಿ. ನಮ್ಮ ಕಿವಿ ಮಂದ.

ಈ ವಾರ ದೊಡ್ಡ ಪ್ರಯಾಣವೇನೂ ಬೇಡ. ಬೈಕಿನಲ್ಲೋ ಆಟೋದಲ್ಲೋ ಅವರು ಹೇಳಿದ ಜಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಅದು ಹಳೆಯ ಮನೆಯಾಗಲಿ, ಸಮಾಧಿಯಾಗಲಿ, ಬತ್ತಿದ ಕೆರೆಯಾಗಲಿ. ಹಾಸಿಗೆ ಹಿಡಿದವರಿದ್ದರೆ ಪಕ್ಕದಲ್ಲಿ ಕೂತು, ಅವರನ್ನೇ ಮುಂದೆ ಬಿಟ್ಟು ಜಪಸರ ಹೇಳಿ. ಎಷ್ಟು ಹೊತ್ತಾದರೂ ಆಗಲಿ.

ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರ ಜೊತೆ ನಡೆದು, ಉಳಿದುಕೋ ಎಂದು ಅವರು ಬೇಡಿದಾಗ ನಿಂತ ಪ್ರಭುವು, ನಮಗೂ ನಿಲ್ಲುವ ಮನಸ್ಸನ್ನು ಕೊಡಲಿ. ಇಂದು ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ನಿಮ್ಮ ಹಿರಿಯರನ್ನು ಕೇಳಿ: ಎಲ್ಲಿ ನಿಲ್ಲಿಸಲಿ? ಅವರಿಗೆ ಮಾತು ಇರುವಾಗಲೇ ಕೇಳಿ. ಆಮೆನ್.