ಆಡಿದ ಮಾತಿನ ಹೊಣೆ

ಇಳಿವಯಸ್ಸಿನಲ್ಲಿ ನಾನು ಯೂನಿಕ್ಸಿನ ಶೆಲ್ ಸ್ಕ್ರಿಪ್ಟ್ ಬರೆಯಲು ಕಲಿಯುತ್ತಿದ್ದೇನೆ. ಆಗಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟರೆ ಕಂಪ್ಯೂಟರು ಅವನ್ನು ಕ್ರಮವಾಗಿ ಮಾಡಿ ಮುಗಿಸುತ್ತದೆ, ಏಕೆಂದು ಕೇಳುವುದಿಲ್ಲ.

ಕಾಕನಕೋಟೆಯಲ್ಲಿ 1971ರಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದಾಗ ನಮ್ಮ ತಂದೆ ಚಿತ್ರ ತೆಗೆದಿದ್ದರು. ಕಾಗದದ ಪ್ರತಿಗಳನ್ನು ಗೆದ್ದಲು ತಿಂದಿತು. ಅದಕ್ಕೆ ಮೊದಲೇ ಸ್ಕ್ಯಾನ್ ಮಾಡಿದ್ದವು ‘ಕಾಕನಕೋಟೆ’ ಎಂಬ ಫೋಲ್ಡರಿನಲ್ಲಿದ್ದವು. ಜೊತೆಗಿದ್ದ ‘ಕಾಕನಕೋಟೆ ನಕಲು’ ಎಂಬುದನ್ನು ಅಳಿಸಲು ಸ್ಕ್ರಿಪ್ಟ್ ಬರೆದೆ. ಹೆಸರಿಗೆ ಉದ್ಧರಣ ಚಿಹ್ನೆ ಹಾಕಲು ಮರೆತೆ. ನಡುವೆ ತೆರಪು ಕಂಡ ಶೆಲ್ ಒಂದು ಹೆಸರನ್ನು ಎರಡೆಂದು ಓದಿತು. ‘ಕಾಕನಕೋಟೆ’ಯನ್ನು ಅಳಿಸಿತು, ‘ನಕಲು’ ಎಂಬುದು ಇಲ್ಲವೆಂದಿತು. ಮೂಲ ಹೋಗಿ ನಕಲು ಉಳಿಯಿತು. ನಕಲಿನಲ್ಲಿಲ್ಲದ ಒಂಬತ್ತು ಚಿತ್ರಗಳು ಹೋದೇ ಹೋದವು.

ತಪ್ಪು ಯಾರದು? ಉಳಿದ ಚಿತ್ರವೊಂದರಲ್ಲಿ ಪಳಗಿದ ಆನೆ, ಮಾವುತನ ಸನ್ನೆಯಂತೆ, ಕಾಡಾನೆಯನ್ನು ಒತ್ತಿ ನಿಂತಿದೆ. ಅದನ್ನು ಕುಲದ್ರೋಹಿ ಎನ್ನಲು ನನಗೆ ಮನಸ್ಸು ಬಾರದು. ಬೇಡವೆನ್ನಲು ಬಾರದವರಿಗೆ ಅಪ್ಪಣೆ ಕೊಡುವವನ ಹೊಣೆ ಇಮ್ಮಡಿ.

‘ನನ್ನ ಉದ್ದೇಶ ಹಾಗಿರಲಿಲ್ಲ’ ಎಂದು ಮನೆಯವರ ಮುಂದೆ ಎಷ್ಟು ಸಲ ಪಾರಾಗಿದ್ದೇನೆ! ನನ್ನ ಅರೆಮಾತನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಯಂತ್ರ ತುಂಬಿಕೊಳ್ಳಲಿಲ್ಲ, ನನ್ನ ಮಾತು ಎಷ್ಟು ಅರೆಯೆಂಬುದು ಆಗ ತಿಳಿಯಿತು.

ದೋಷ ಹುಡುಕುವಾಗ ಸ್ಕ್ರಿಪ್ಟಿನ ಮೊದಲಿಗೆ ‘ಸೆಟ್ -ಎಕ್ಸ್’ ಎಂದು ಬರೆದರೆ, ಶೆಲ್ ಪ್ರತಿಯೊಂದು ಅಪ್ಪಣೆಯನ್ನೂ ತಾನು ತಿಳಿದುಕೊಂಡಂತೆಯೇ ತೋರಿಸುತ್ತ ಹೋಗುತ್ತದೆ. ಮನುಷ್ಯರ ನಡುವೆ ಅಂಥ ಸೌಕರ್ಯವಿಲ್ಲ. ಅಲ್ಲಿ, ‘ನಾನು ಹೇಳಿದ್ದು ನಿಮಗೆ ಹೇಗೆ ಕೇಳಿಸಿತು?’ ಎಂದು ಮಾತಾಡಿದವನೇ ಕೇಳಬೇಕು. ನಾನು ಕೇಳಿದ್ದು ಬಹಳ ಕಡಮೆ.